ಎರಡನೆಯ ಪಾಸ್‌ಪೋರ್ಟ್ ಮತ್ತು ಮನೆಯ ತೋಟ

ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು ಸಂಘದ ಕಛೇರಿಗೆ ಬಂದಿದ್ದರು. ಅಮೆರಿಕದಲ್ಲಿರುವ ಮಗ ಅಲ್ಲಿನ ಪೌರತ್ವ ಪಡೆದಿದ್ದಾನೆ. ನಾಲ್ಕು ಎಕರೆ ಕಾಫಿ ತೋಟವನ್ನು ಅವನ ಹೆಸರಿಗೆ ದಾನಪತ್ರ ಮಾಡಿಕೊಡಬೇಕೆಂದು ಅವರ ಆಸೆ. "ಹೇಗೂ ಓಸಿಐ ಕಾರ್ಡ್ ಇದೆಯಲ್ಲ, ಎರಡೂ ದೇಶದವನಾದ ಹಾಗೇ" ಎಂದರು. ಹಾಗಲ್ಲವೆಂದು ಹೇಳಲು ನನಗೇ ಸಂಕಟವಾಯಿತು.

ಬೆಳೆಗಾರ ಬಂಧುಗಳು ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಎಡೆಯಿಲ್ಲ. 1955ರ ಪೌರತ್ವ ಕಾಯಿದೆಯ 9ನೇ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವನು ಅಂದಿನಿಂದ ಭಾರತದ ಪ್ರಜೆಯಲ್ಲ. 2005ರ ತಿದ್ದುಪಡಿಯಿಂದ ಬಂದ ಓಸಿಐ ಹೆಸರಿಗೆ ಪೌರತ್ವ. ನಿಜದಲ್ಲಿ ಅದು ಜೀವನಪರ್ಯಂತದ ವೀಸಾ. ಬಂದುಹೋಗಲು ಅಡ್ಡಿಯಿಲ್ಲ, ಆದರೆ ಓಟಿನ ಹಕ್ಕಿಲ್ಲ.

2019ರ ವಿದೇಶಿ ವಿನಿಮಯ ನಿಯಮಗಳ ಪ್ರಕಾರ, ಹೊರದೇಶದಲ್ಲಿರುವ ಈ ಕಾರ್ಡಿನವರು ಪೇಟೆಯಲ್ಲಿ ಮನೆ ಕೊಳ್ಳಬಹುದು. ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ವಾರಸಿನಿಂದ ಮಾತ್ರ ಪಡೆಯಬಹುದು. ಅಣ್ಣತಮ್ಮಂದಿರಿಬ್ಬರೂ ಹೊರಗಿದ್ದರೆ ಒಬ್ಬನ ಪಾಲನ್ನು ಇನ್ನೊಬ್ಬ ಕೊಂಡು ತೋಟ ಉಳಿಸಿಕೊಳ್ಳುವಂತಿಲ್ಲ. ಮಾರುವುದಾದರೆ ಇಲ್ಲಿ ನೆಲೆಸಿದವರಿಗೇ ಮಾರಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿರುವವರಿಗೂ ಇದೇ ನಿಯಮ. ಆದರೆ ಅವರು ಊರಿಗೆ ಬಂದು ನೆಲೆಸಿದರೆ ಆ ಅಡ್ಡಿ ಕಳೆಯುತ್ತದೆ.

ಮಕ್ಕಳನ್ನು ದೂರುವುದು ನನ್ನ ಉದ್ದೇಶವಲ್ಲ. ವೀಸಾಕ್ಕಾಗಿ ತಿಂಗಳುಗಟ್ಟಲೆ ಕಾದವರಿಗೆ, ನೂರಕ್ಕೂ ಹೆಚ್ಚು ದೇಶಗಳಿಗೆ ವೀಸಾ ಇಲ್ಲದೆ ಹೋಗಬಲ್ಲ ಪಾಸ್‌ಪೋರ್ಟ್ ಎಷ್ಟು ದೊಡ್ಡ ಅನುಕೂಲವೆಂಬುದನ್ನು ಬಲ್ಲೆ. ನನ್ನ ಮಗಳೂ ಕೆನಡಾದಲ್ಲಿದ್ದಾಳೆ. ಈ ನಿಯಮ ತಪ್ಪೆಂದೂ ಹೇಳಲಾರೆ. ಡಾಲರಿನವರು ಕೊಳ್ಳಲು ನಿಂತರೆ ಎರಡು ಎಕರೆಯವನು ಪಕ್ಕದ ತೋಟದ ಬೆಲೆ ಕೇಳಲಾದೀತೆ?

ತಪ್ಪು ಹಿರಿಯರಾದ ನಮ್ಮದು. ಫೋನಿನಲ್ಲಿ ಮಳೆ, ಕೊಳೆರೋಗ, ಅಡಿಕೆ ಧಾರಣೆ ಎಲ್ಲ ಮಾತಾಡುತ್ತೇವೆ. ಮುಂದೆ ತೋಟ ನೋಡುವವರು ಯಾರು ಎಂಬುದೊಂದನ್ನು ಬಿಟ್ಟು. ಮಕ್ಕಳು ಪರದೇಶದ ಪ್ರಮಾಣವಚನ ಸ್ವೀಕರಿಸುವ ಮೊದಲೇ ಮನೆಯವರೆಲ್ಲ ಕುಳಿತು ಇದನ್ನು ತೀರ್ಮಾನಿಸಬೇಕು. ವಕೀಲರನ್ನು ಕಂಡು ಉಯಿಲು ಬರೆಸಿ ನೋಂದಾಯಿಸಬೇಕು. ಊರಲ್ಲೇ ಉಳಿದು ತೋಟಕ್ಕೆ ದುಡಿದ ಮಗನೋ ಮಗಳೋ ಇದ್ದರೆ ಅವರ ದುಡಿಮೆಗೂ ಅದರಲ್ಲಿ ಬೆಲೆ ಸಿಗಬೇಕು.

ಆ ಸದಸ್ಯರು ದಾನಪತ್ರದ ಯೋಚನೆ ಬಿಟ್ಟು ಈಗ ಉಯಿಲು ಬರೆಸುತ್ತಿದ್ದಾರೆ. ನನ್ನ ಮಗಳೊಡನೆ ಈ ಮಾತು ನಾನಿನ್ನೂ ಎತ್ತಿಲ್ಲ. ಈ ಸಲದ ಕಾಫಿ ಕೊಯ್ಲು ಮುಗಿಯುವುದರೊಳಗೆ ಎತ್ತಲೇಬೇಕು.