ಸದ್ದು ಕೇಳಿಸಿದ ಮೇಲೆ

1978ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಡಾ. ಗ್ರೇಮ್ ಕ್ಲಾರ್ಕ್ ಅವರು ರಾಡ್ ಸಾಂಡರ್ಸ್ ಎಂಬುವರ ಒಳಕಿವಿಯಲ್ಲಿ ಪುಟ್ಟ ಸಾಧನವೊಂದನ್ನು ಅಳವಡಿಸಿದರು. ಸಾಂಡರ್ಸ್ ಅಪಘಾತದಲ್ಲಿ ಶ್ರವಣಶಕ್ತಿ ಕಳೆದುಕೊಂಡಿದ್ದವರು. ಪರೀಕ್ಷೆಗೆಂದು ರಾಷ್ಟ್ರಗೀತೆಯ ಧಾಟಿ ಕೇಳಿಸಿದಾಗ ಅವರು ಅದನ್ನು ಗುರುತಿಸಿ ಎದ್ದು ನಿಂತರಂತೆ. ಹಿಂದೆ ಕೇಳಿದ್ದರ ನೆನಪು ಅವರಲ್ಲಿತ್ತು.

ಹುಟ್ಟಿನಿಂದಲೇ ಕಿವಿ ಕೇಳಿಸದ ಮಗುವಿಗೆ ಅಂಥ ನೆನಪಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದ ಪಾಲಕರು ಮೊದಲು ತಿಳಿಯಬೇಕಾದ್ದು ಇದನ್ನೇ. ಸಾಧನ ಸದ್ದನ್ನು ಕೊಡುತ್ತದೆ, ಅದರ ಅರ್ಥವನ್ನಲ್ಲ.

ಕಿವಿಯ ಹಿಂದೆ ಧರಿಸುವ ಹೊರಭಾಗ ಸದ್ದನ್ನು ಹಿಡಿದು ಸಂಕೇತವಾಗಿಸುತ್ತದೆ. ಚರ್ಮದಡಿಯ ಒಳಭಾಗ ಅದನ್ನು ವಿದ್ಯುತ್ ಮಿಡಿತವಾಗಿಸಿ ಶ್ರವಣನರಕ್ಕೆ ಮುಟ್ಟಿಸುತ್ತದೆ. ಸಹಜ ಕಿವಿಯಲ್ಲಿ ನರಕ್ಕೆ ಸುದ್ದಿ ಕೊಡಲು ಸುಮಾರು 3,500 ರೋಮಕೋಶಗಳಿವೆ. ಸಾಧನದಲ್ಲಿರುವುದು ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡುಗಳು. ಆದ್ದರಿಂದ ನಿಶ್ಶಬ್ದವಾದ ಕೋಣೆಯಲ್ಲಿ ಚೆನ್ನಾಗಿ ಅರ್ಥವಾಗುವ ಮಾತು ಗದ್ದಲದಲ್ಲಿ ಕಲಸಿಹೋಗುತ್ತದೆ.

ಎಳೆಯ ವಯಸ್ಸಿನಲ್ಲಿ ಮಿದುಳು ಭಾಷೆಯನ್ನು ಬೇಗ ಕಲಿಯುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಒಳ್ಳೆಯದು. ಆದರೆ ಅದು ಕೆಲವು ಗಂಟೆಗಳ ಕೆಲಸ. ಅನಂತರದ ಅಭ್ಯಾಸ ವರ್ಷಗಳದ್ದು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಬೇತಿಯಲ್ಲಿ ಮಕ್ಕಳ ಜೊತೆ ತಾಯಂದಿರೂ ಕಲಿಯುತ್ತಾರೆ. ಉಳಿದ ಪಾಠ ಮನೆಯಲ್ಲೇ ನಡೆಯಬೇಕು. ಒಗ್ಗರಣೆ ಸಿಡಿದಾಗ, ಕುಕ್ಕರ್ ಕೂಗಿದಾಗ, ಬಾಗಿಲು ಬಡಿದಾಗ "ಏನದು, ಕೇಳಿಸಿತಾ?" ಎಂದು ತೋರಿಸಿ ಹೇಳಬೇಕು.

ಖರ್ಚಿನ ವಿಷಯವೂ ಇದೆ. ಒಳಭಾಗ ದಶಕಗಳ ಕಾಲ ಬಾಳಲೆಂದು ತಯಾರಾದದ್ದು. ಹೊರಭಾಗ ಹಾಗಲ್ಲ. ಬೆವರು, ಮಳೆನೀರಿನಿಂದ ಅದನ್ನು ಕಾಪಾಡಬೇಕು. ವೈರು, ಬ್ಯಾಟರಿ ಬದಲಿಸುತ್ತಿರಬೇಕು. ಕೆಲವು ವರ್ಷಗಳಾದ ಮೇಲೆ ಪ್ರೊಸೆಸರನ್ನೇ ಹೊಸದಾಗಿ ಕೊಳ್ಳಬೇಕಾಗಬಹುದು. ಕೇಂದ್ರ ಸರ್ಕಾರದ 'ಅಡಿಪ್' ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಇಂಪ್ಲಾಂಟಿಗೆ ನೆರವು ಸಿಗುತ್ತದೆ. ಮುಂದಿನ ರಿಪೇರಿಗೆ ಏನು ವ್ಯವಸ್ಥೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವಿಚಾರಿಸಿಕೊಳ್ಳಿ. ಹೊರಭಾಗ ಕೆಟ್ಟು ಬೀರು ಸೇರಿದರೆ, ಮಾತು ಕಲಿತ ಮಗು ಮತ್ತೆ ನಿಶ್ಶಬ್ದಕ್ಕೆ ಮರಳುತ್ತದೆ.

ಇನ್ನು ಶಾಲೆ. ಅಂಕಪಟ್ಟಿ ನೋಡಿ "ಎಲ್ಲ ಸರಿಹೋಯಿತು" ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಊಟದ ಬಿಡುವಿನಲ್ಲಿ ಹತ್ತು ಮಕ್ಕಳು ಒಟ್ಟಿಗೆ ಹರಟುವಾಗ ಆ ಮಗು ಮಾತು ತಿಳಿಯದೆ, ಉಳಿದವರು ನಕ್ಕಾಗ ತಾನೂ ನಗುತ್ತಿರಬಹುದು. ಸಂಜೆ ಅದು ದಣಿದು ಬಂದರೆ ಸೋಮಾರಿತನವೆನ್ನಬೇಡಿ. ದಿನವಿಡೀ ಕಿವಿಗೊಟ್ಟು ಕೇಳುವುದೇ ಒಂದು ದುಡಿಮೆ. ಸನ್ನೆಭಾಷೆಯೂ ಬೇಕೆನಿಸಿದರೆ ಕಲಿಯಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯಲ್ಲಿ ಇಂಥ ಗೆಳೆಯ ಅಥವಾ ಗೆಳತಿ ಇದ್ದರೆ ಮುಖ ನೋಡಿ ಮಾತನಾಡಿ. ಒಬ್ಬರಾದ ಮೇಲೆ ಒಬ್ಬರು ಮಾತನಾಡಿ. ಕಿರುಚಬೇಕಾಗಿಲ್ಲ. "ಏನಂದೆ?" ಎಂದು ಕೇಳಿದಾಗ "ಏನಿಲ್ಲ ಬಿಡು" ಎನ್ನಬೇಡಿ, ಇನ್ನೊಮ್ಮೆ ಹೇಳಿ. ಇಷ್ಟು ಮಾಡಲು ಯಾವ ಯೋಜನೆಯ ನೆರವೂ ಬೇಡ.