ಕಾರ್ಖಾನೆ ಕೈ ಬದಲಾದಾಗ ಕಬ್ಬು ಬೆಳೆಗಾರ ಎಲ್ಲಿರುತ್ತಾನೆ?

ಬೆಳಗಾವಿಯ ತಾಯಿ–ಮಗ ಇಬ್ಬರೂ ಸೇರಿ 1998ರಲ್ಲಿ ಆಂಧ್ರಪ್ರದೇಶ ಸರ್ಕಾರದ ಒಂದು ರೋಗಗ್ರಸ್ತ ಸಕ್ಕರೆ ಕಾರ್ಖಾನೆಯನ್ನು ಖರೀದಿಸಿದರು. ನಿಜಾಮ್ ಡೆಕ್ಕನ್ ಶುಗರ್ಸ್ ಎಂಬ ಆ ಘಟಕ ದಿನಕ್ಕೆ 1,250 ಟನ್ ಕಬ್ಬು ನುರಿಸುವ ಸಾಮರ್ಥ್ಯದ್ದು. ಅದರ ಯಂತ್ರಗಳನ್ನು ಬಿಚ್ಚಿ ತಂದು ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿ ಜೋಡಿಸಿದರು. ಗುಡ್ಡದ ಯಲ್ಲಮ್ಮನ ಇನ್ನೊಂದು ಹೆಸರೇ ಕಂಪನಿಗೂ ಬಂತು: ಶ್ರೀ ರೇಣುಕಾ ಶುಗರ್ಸ್. ತಾಯಿ ವಿದ್ಯಾ ಮುರ್ಕುಂಬಿ ಬೆಳಗಾವಿಯಲ್ಲಿ ವಿತರಣಾ ವ್ಯಾಪಾರ ನಡೆಸಿದ್ದವರು. ಮಗ ನರೇಂದ್ರ ಅದೇ ಊರಿನ ಗೋಗಟೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, 1994ರಲ್ಲಿ ಅಹಮದಾಬಾದಿನ ಐಐಎಂ ಪದವಿ ಪಡೆದವರು. ಆ ಪದವಿಗೆ ದೊಡ್ಡ ಕಂಪನಿಗಳ ಕೆಲಸ ಕಾದಿರುತ್ತದೆ. ಅವರು ಬೆಳಗಾವಿಗೆ ಮರಳಿ, ಮೊದಲು ಜೈವಿಕ ಕೀಟನಾಶಕದ ಉದ್ಯಮಕ್ಕೆ ಕೈಹಾಕಿದರು, ಆಮೇಲೆ ಸಕ್ಕರೆಗೆ ಇಳಿದರು.

ಈ ಭಾಗದ ಉದ್ಯಮಿ ಎಂದರೆ ಜನರ ಬಾಯಿಗೆ ಬರುವ ಇನ್ನೊಂದು ಹೆಸರು ಹುಬ್ಬಳ್ಳಿಯ ಗುರುರಾಜ ದೇಶಪಾಂಡೆ. ಮದ್ರಾಸ್ ಐಐಟಿ, ಕೆನಡಾದಲ್ಲಿ ಪಿಎಚ್‌.ಡಿ, ಮೊಟೊರೊಲಾ ಒಡೆತನದ ಕೋಡೆಕ್ಸ್‌ನಲ್ಲಿ ನೌಕರಿ. ನೌಕರಿ ಬಿಟ್ಟು ಕಟ್ಟಿದ ಮೊದಲ ಕಂಪನಿಯಿಂದ ನಡುವೆಯೇ ಹೊರಬಂದು, 1990ರಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಶುರು ಮಾಡಿದರು. 1997ರಲ್ಲಿ ಅದು ಅಸೆಂಡ್ ಕಂಪನಿಗೆ ಸುಮಾರು 370 ಕೋಟಿ ಡಾಲರ್‌ಗೆ ಮಾರಾಟವಾಯಿತು. ನೌಕರಿ ಬಿಡು, ಕಟ್ಟು, ಮಾರು, ಬಂದ ಹಣದಲ್ಲಿ ಹೊಸದನ್ನು ಕಟ್ಟು: ಇಂದಿನ ಹುಡುಗ–ಹುಡುಗಿಯರು ಆದರ್ಶವೆಂದು ನೋಡುವುದು ಈ ದಾರಿಯನ್ನೇ. ನೋಡಲಿ, ತಪ್ಪಿಲ್ಲ. ಆದರೆ ಜಾಲಸಂಪರ್ಕದ ಉಪಕರಣ ಮಾಡುವ ಕಂಪನಿ ಮಾರಿದಾಗ ಅದರ ಗಿರಾಕಿ ಬೇರೆಯವರ ಬಳಿ ಹೋಗಬಹುದು, ಎಂಜಿನಿಯರ್ ಬೇರೆ ಕೆಲಸ ಹುಡುಕಬಹುದು. ಕಡಿದ ಕಬ್ಬು ಎಲ್ಲಿಗೂ ಹೋಗಲಾರದು. ಒಂದೆರಡು ದಿನ ಗಾಡಿಯಲ್ಲೇ ನಿಂತರೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹತ್ತಿರದ ಕಾರ್ಖಾನೆಯ ಮಾಲೀಕ ಯಾರೇ ಆಗಿರಲಿ, ಬೆಳೆಗಾರ ಅವನಿಗೇ ಕಬ್ಬು ಹಾಕಬೇಕು.

ಮುರ್ಕುಂಬಿ ಅವರ ಮೊದಲ ಹೆಜ್ಜೆಗಳಲ್ಲಿ ಈ ಅರಿವು ಇತ್ತು ಎಂದೇ ನಾನು ತಿಳಿದಿದ್ದೇನೆ. ಮುನವಳ್ಳಿ ಕಾರ್ಖಾನೆಗೆ ಕಬ್ಬು ಹಾಕುವ ಸಾವಿರಾರು ರೈತರು ಷೇರುದಾರರಾದರು. ಖಾಸಗಿ ಕಂಪನಿಯೊಂದು ಸಹಕಾರಿಯ ಒಂದು ಒಳ್ಳೆಯ ಗುಣವನ್ನು ಎರವಲು ಪಡೆದಂತಾಯಿತು. ಸಿಪ್ಪೆಯಿಂದ ವಿದ್ಯುತ್, ಕಾಕಂಬಿಯಿಂದ ಎಥೆನಾಲ್, ಸೊರಗಿದ ಸಹಕಾರಿ ಕಾರ್ಖಾನೆಗಳನ್ನು ಗುತ್ತಿಗೆಗೆ ಪಡೆದು ನಡೆಸುವುದು, ಬಂದರುಗಳ ಪಕ್ಕದಲ್ಲಿ ಕಚ್ಚಾ ಸಕ್ಕರೆ ಶುದ್ಧೀಕರಣ, ಹೀಗೆ ಬೆಳವಣಿಗೆ ವೇಗವಾಗಿತ್ತು. 2005ರಲ್ಲಿ ಕಂಪನಿ ಷೇರುಪೇಟೆಗೆ ಬಂತು.

ಆಮೇಲೆ ಬ್ರೆಜಿಲ್. 2009ರ ಕೊನೆಗೆ ಪರಾನಾ ರಾಜ್ಯದ ವಾಲೆ ದೊ ಇವಾಯಿ, 2010ರಲ್ಲಿ ಸಾವೊ ಪಾವ್ಲೊ ರಾಜ್ಯದ ಎಕಿಪಾವ್. ಅಳತೆ ಮೀರಿದ ಆಸೆ ಎಂದು ಇದನ್ನು ತಳ್ಳಿಹಾಕುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಭಾರತದಲ್ಲಿ ಸಕ್ಕರೆ ಕಡಿಮೆಯಾದ ವರ್ಷ ಅಲ್ಲಿಂದ ಕಚ್ಚಾ ಸಕ್ಕರೆ ತಂದು ಇಲ್ಲಿ ಶುದ್ಧೀಕರಿಸುವ ಲೆಕ್ಕಾಚಾರಕ್ಕೆ ಅರ್ಥವಿತ್ತು. ಕೈಕೊಟ್ಟದ್ದು ಸಾಲದ ಸ್ವರೂಪ. ಸಾಲ ಡಾಲರಿನಲ್ಲಿ, ಬ್ರೆಜಿಲಿನ ನಾಣ್ಯ ರಿಯಾಲ್. 2011ರಲ್ಲಿ ಒಂದು ಡಾಲರಿಗೆ ಸುಮಾರು 1.6 ಇದ್ದ ರಿಯಾಲ್ 2015ರ ಸೆಪ್ಟೆಂಬರಿನಲ್ಲಿ 4ಕ್ಕೆ ಕುಸಿಯಿತು. ಅದೇ ಅವಧಿಯಲ್ಲಿ ಅಂತರರಾಷ್ಟ್ರೀಯ ಕಚ್ಚಾ ಸಕ್ಕರೆಯ ಬೆಲೆ ಪೌಂಡಿಗೆ 30 ಸೆಂಟ್‌ಗೂ ಮೇಲಿದ್ದದ್ದು 11 ಸೆಂಟ್ ಆಸುಪಾಸಿಗೆ ಇಳಿಯಿತು. ಬರ ಬಂತು. ಪೆಟ್ರೋಲ್ ಬೆಲೆಯನ್ನು ಅಲ್ಲಿನ ಸರ್ಕಾರ ಹಿಡಿದಿಟ್ಟಿದ್ದರಿಂದ ಎಥೆನಾಲ್‌ಗೂ ಬೆಲೆ ಸಿಗಲಿಲ್ಲ. 2015ರಲ್ಲಿ ಬ್ರೆಜಿಲ್ ಘಟಕ ನ್ಯಾಯಾಲಯದ ರಕ್ಷಣೆ ಕೋರಿತು. ಸಿಂಗಪುರದ ವಿಲ್ಮರ್ 2014ರಲ್ಲೇ ಪಾಲುದಾರನಾಗಿ ಬಂದಿತ್ತು. ಬ್ಯಾಂಕುಗಳ ಸಾಲ ಮರುಹೊಂದಾಣಿಕೆಯಾದ 2018ರಲ್ಲಿ ಕಂಪನಿಯ ಹಿಡಿತ ಅದರ ಕೈಗೆ ಹೋಯಿತು, ಕಟ್ಟಿದವರು ಹೊರನಡೆದರು. 2010ರ ಸುಮಾರಿಗೆ ನೂರು ರೂಪಾಯಿ ದಾಟಿದ್ದ ಷೇರು ಹತ್ತು ರೂಪಾಯಿಗೂ ಕೆಳಗೆ ಬಿದ್ದದ್ದನ್ನು ಷೇರು ಇಟ್ಟುಕೊಂಡಿದ್ದವರೆಲ್ಲ ನೋಡಿದ್ದಾರೆ.

ಉದ್ಯಮಿ ಹೊಸ ಕೆಲಸ ಹಿಡಿಯುತ್ತಾನೆ. ಮುರ್ಕುಂಬಿ ಸೌರಶಕ್ತಿಯತ್ತ ಹೊರಳಿದರು, ಅದು ಅವರ ಗಟ್ಟಿತನ. ಬ್ಯಾಂಕಿನ ಸಾಲಕ್ಕೆ ಅಡಮಾನವಿದೆ, ವಿಲ್ಮರ್ ಕೈಗೆ ಕಾರ್ಖಾನೆ ಬಂತು. ಮಲಪ್ರಭೆಯ ನೀರಿಗೆ ಕಬ್ಬು ನಾಟಿದ ಮುನವಳ್ಳಿ, ಯರಗಟ್ಟಿ ಸೀಮೆಯ ರೈತನಿಗೆ ಈ ಕೈ ಬದಲಾವಣೆಯಲ್ಲಿ ಕಾನೂನು ಕೊಟ್ಟ ಜಾಗವೆಷ್ಟು?

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ಅವಕಾಶವೂ ಇದೆ. ಆದರೆ ಕಾರ್ಖಾನೆ ದಿವಾಳಿಯಾದ ದಿನ 2016ರ ದಿವಾಳಿ ಸಂಹಿತೆ ಮುಂದೆ ಬರುತ್ತದೆ. ಸಂಹಿತೆಯ ಸಾಲಿನಲ್ಲಿ ಅಡಮಾನದ ಸಾಲ ಕೊಟ್ಟ ಬ್ಯಾಂಕು ಮತ್ತು ಕಾರ್ಮಿಕರ 24 ತಿಂಗಳ ಬಾಕಿ ಮೇಲೆ. ಕಬ್ಬು ಕೊಟ್ಟವನು ಸರಕು ಪೂರೈಸಿದ ಯಾವುದೇ ವ್ಯಾಪಾರಿಯಂತೆ ಬಹಳ ಕೆಳಗೆ. ಕಂಪನಿಯ ಭವಿಷ್ಯ ತೀರ್ಮಾನಿಸುವ ಸಾಲದಾತರ ಸಮಿತಿಯಲ್ಲಿ ಅವನಿಗೆ ಮತವಿಲ್ಲ. ಹನ್ನೆರಡು ತಿಂಗಳು ಬೆಳೆದು, ಮುಂಗಡ ಪಡೆಯದೆ, ತೂಕದ ಚೀಟಿ ಹಿಡಿದು ಮನೆಗೆ ಬಂದವನು ನಿಜವಾಗಿ ಕಾರ್ಖಾನೆಗೆ ಸಾಲ ಕೊಟ್ಟಿದ್ದಾನೆ. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

ಸಹಕಾರಿಯೇ ಮದ್ದು ಎನ್ನುವವರಿದ್ದಾರೆ. ಸುತ್ತಲಿನ ತಾಲ್ಲೂಕುಗಳನ್ನೇ ನೋಡಿ. ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ, ಬೈಲಹೊಂಗಲ ತಾಲ್ಲೂಕಿನ ಸಿದ್ದಸಮುದ್ರದಲ್ಲಿ ಸೋಮೇಶ್ವರ ಸಹಕಾರಿ. ಇವು ಮಾರಾಟಕ್ಕಿಲ್ಲ, ಸದಸ್ಯನ ಮತ ಉಳಿಯುತ್ತದೆ. ರಾಮದುರ್ಗದ ಖಾನಪೇಟೆಯ ಧನಲಕ್ಷ್ಮಿ ಸಹಕಾರಿ ಕಾರ್ಖಾನೆ ಮಾತ್ರ ಇಐಡಿ ಪ್ಯಾರಿ ಕಂಪನಿಗೆ ಗುತ್ತಿಗೆಗೆ ಹೋಯಿತು. ಹೆಸರಿನಲ್ಲಿ ಮಾಲೀಕ ಸದಸ್ಯ, ನಡೆಸುವವರು ಬೇರೆ. ಗುತ್ತಿಗೆಯಿಂದ ಕಾರ್ಖಾನೆಯ ಹೊಗೆಕೊಳವೆ ಉಸಿರಾಡಿದರೆ ಒಳ್ಳೆಯದೇ. ಆದರೆ ಗುತ್ತಿಗೆಯ ಕರಾರು ಎಷ್ಟು ವರ್ಷದ್ದು, ಮುಗಿದಾಗ ಬಾಕಿ ಯಾರ ತಲೆಯ ಮೇಲೆ ಎಂಬುದು ಸದಸ್ಯನಿಗೆ ಕನ್ನಡದಲ್ಲಿ, ವಾರ್ಷಿಕ ಸಭೆಗೆ ಮೊದಲೇ ಸಿಗಬೇಕು.

ಒಡೆತನ ಯಾವ ರೂಪದ್ದೇ ಇರಲಿ, ಬೆಳೆಗಾರನ ರಕ್ಷಣೆ ಮಾಲೀಕನ ಒಳ್ಳೆಯತನಕ್ಕೆ ಬಿಡುವಂಥದ್ದಲ್ಲ. ದಿವಾಳಿ ಸಂಹಿತೆ ಕೇಂದ್ರದ್ದು, ಅದರ ತಿದ್ದುಪಡಿಗೆ ಬೆಳಗಾವಿ ಜಿಲ್ಲೆಯ ಸಂಸದರು ದನಿ ಎತ್ತಬೇಕು. ಕಬ್ಬು ಬಾಕಿಯನ್ನು ಕಾರ್ಮಿಕರ ಬಾಕಿಯ ಸಾಲಿಗೆ ಸೇರಿಸಬೇಕೆಂಬ ಒಂದೇ ಬೇಡಿಕೆ ಸಾಕು. ಯಾವ ಕಾರ್ಖಾನೆಗೆ ಯಾವ ಹಳ್ಳಿಗಳ ಕಬ್ಬು ಎಂದು ಹಂಚುವ ಅಧಿಕಾರವಾದರೆ ರಾಜ್ಯದ ಕೈಯಲ್ಲೇ ಇದೆ. ಮಾರಾಟವೋ ಗುತ್ತಿಗೆಯೋ ಆದ ಕಾರ್ಖಾನೆಗೆ ಹೊಸ ಹಂಗಾಮಿನ ಹಂಚಿಕೆ ಮಾಡುವ ಮೊದಲು ಹಿಂದಿನ ಹಂಗಾಮಿನ ಪೂರ್ತಿ ಹಣ, ಬಡ್ಡಿಸಮೇತ, ರೈತರ ಖಾತೆಗೆ ಬಿದ್ದಿದೆ ಎಂಬ ಲೆಕ್ಕ ಊರೂರಿನ ಪಂಚಾಯಿತಿ ಕಚೇರಿಯ ಫಲಕದಲ್ಲಿ ಹಚ್ಚಿರಬೇಕು. ಇದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ಕಬ್ಬು ಅಭಿವೃದ್ಧಿ ಆಯುಕ್ತರು ಹಂಚಿಕೆ ಆದೇಶದಲ್ಲೇ ಈ ಷರತ್ತನ್ನು ಬರೆಯಬಹುದು.