ಟಾರ್ಚಿಗೆ ನಾಲ್ಕು ಸಾಲು ಕನ್ನಡ ಬೇಡವೇ?

ಬೆಂಗಳೂರಿನ ಕನ್ನಡದ ಯುವಕ ಯುವತಿಯರೇ,

ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ 200 ರೂಪಾಯಿಗೆ ಒಂದು ಚಾರ್ಜಿಂಗ್ ಟಾರ್ಚು ಕೊಳ್ಳುತ್ತೀರಿ. ಅಪ್ಪನ ಕೈಗಿಟ್ಟು ಬಸ್ಸು ಹತ್ತುತ್ತೀರಿ. ಅದು ಎಷ್ಟು ದಿನ ಉರಿಯಿತು ಎಂದು ಆಮೇಲೆ ಕೇಳಿದ್ದೀರಾ?

ನಮ್ಮ ಶೆಟ್ಟಿಕೆರೆ ಸೀಮೆಯಲ್ಲಿ ಟಾರ್ಚು ಶೋಕಿಯ ವಸ್ತುವಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ರೈತ ನಡುರಾತ್ರಿಯೇ ತೆಂಗಿನ ತೋಟಕ್ಕೆ ಹೋಗಬೇಕು. ಅಲ್ಲಿ ಒಣಗಿದ ಗರಿ, ಮಟ್ಟೆಯ ರಾಶಿ, ಅದರಡಿ ಕೊಳಕುಮಂಡಲ. ಅದು ಓಡಾಡುವುದೂ ಹೆಚ್ಚಾಗಿ ರಾತ್ರಿಯೇ. ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಘೋಷಿಸಿದೆ. ಹೀಗಿರುವಾಗ ನಡುದಾರಿಯಲ್ಲಿ ಕೈಕೊಡುವ ಟಾರ್ಚು ಅಗ್ಗದ್ದೇ?

ಲೆಕ್ಕ ಹಾಕಿ. 200ರ ಟಾರ್ಚು ಆರು ತಿಂಗಳಿಗೊಂದು ಕೆಟ್ಟರೆ 4 ವರ್ಷಕ್ಕೆ 8 ಟಾರ್ಚು, 1,600 ರೂಪಾಯಿ. 600 ಕೊಟ್ಟದ್ದು 4 ವರ್ಷ ಬಾಳಿದರೆ ಯಾವುದು ಲಾಭ?

ಎಲ್‌ಇಡಿ ಬೇಗ ಸಾಯುವುದಿಲ್ಲ. ಸಾಯುವುದು ಬ್ಯಾಟರಿ. ಅಗ್ಗದ ಟಾರ್ಚುಗಳಲ್ಲಿ ಅನೇಕಕ್ಕೆ 4 ವೋಲ್ಟಿನ ಸೀಸದ ಬ್ಯಾಟರಿ ಇರುತ್ತದೆ. ಪೂರ್ತಿ ಖಾಲಿ ಮಾಡಿ ಮೂಲೆಗಿಟ್ಟರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಚಾರ್ಜು ಹಿಡಿಯುವುದಿಲ್ಲ. ತುಂಬಿದ ಮೇಲೆ ತಾನಾಗಿ ನಿಲ್ಲದ ಟಾರ್ಚನ್ನು ದಿನಗಟ್ಟಲೆ ಪ್ಲಗ್ಗಿನಲ್ಲೇ ಬಿಟ್ಟರೆ ಒಳಗಿನ ನೀರಿನಂಶ ಒಣಗುತ್ತದೆ. ಬಳಸಿದ ಕೂಡಲೇ ಚಾರ್ಜು ಮಾಡಿ. ಬಳಸದಿದ್ದರೂ ತಿಂಗಳಿಗೊಮ್ಮೆ ಮಾಡಿ. ಹೇಳಿದಷ್ಟು ಗಂಟೆಗೆ ಪ್ಲಗ್ಗು ತೆಗೆಯಿರಿ. ಇಷ್ಟೇ ಗುಟ್ಟು!

ಲಿಥಿಯಂ ಟಾರ್ಚಾದರೆ ಸೆಲ್ಲಿನ ಮೇಲೆ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ನಂಬರು ನೋಡಿ. 18650 ಸೆಲ್ಲಿನ ಮೇಲೆ 9900 ಎಂಎಎಚ್ ಎಂದಿದ್ದರೆ ಅದು ಹಸಿ ಸುಳ್ಳು. ಒಳ್ಳೆಯ ಕಂಪನಿಯ ಸೆಲ್ಲೇ ಸಾಮಾನ್ಯವಾಗಿ 3500ರ ಆಸುಪಾಸಿಗೆ ನಿಲ್ಲುತ್ತದೆ. ಸ್ಕ್ರೂ ಬಿಚ್ಚಿ ಬ್ಯಾಟರಿ ಬದಲಿಸಬಹುದಾದ ಟಾರ್ಚನ್ನೇ ಕೇಳಿ. ಬಿಲ್ಲು ಬಿಡಬೇಡಿ.

ಚಾರ್ಜಿಂಗ್ ಸೂಚನೆ ಡಬ್ಬದ ಮೇಲಿದ್ದರೂ ಅದು ಯಾವ ಭಾಷೆಯಲ್ಲಿದೆ? ಇಂಗ್ಲಿಷು, ಇಲ್ಲವೇ ಹಿಂದಿ! ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ಬೆಲೆ, ತಯಾರಕರ ವಿಳಾಸ ಮುಂತಾದ ಕಡ್ಡಾಯ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲವಂತೆ. ಅಡ್ಡಿಯಿಲ್ಲ ಎಂದರೆ ಯಾರು ಸೇರಿಸುತ್ತಾರೆ? ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡವೂ ಇರಬೇಕೆಂದು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶಿಸಿತು. ಸಂತೋಷ. ಆದರೆ ದಿಲ್ಲಿಯಿಂದ, ಚೀನಾದಿಂದ ಬರುವ ಡಬ್ಬಕ್ಕೆ ಅದು ತಾಗುವುದಿಲ್ಲ.

ನಾನು ಪ್ರೆಸ್ಸಿನವನು. ಡಬ್ಬದ ಮೇಲೆ ನಾಲ್ಕು ಸಾಲು ಕನ್ನಡ ಸೇರಿಸಿದರೆ ಪ್ಲೇಟು ಅದೇ, ಕಾಗದ ಅದೇ, ಮಸಿ ಅದೇ. ಖರ್ಚಿನ ನೆಪ ನನ್ನ ಮುಂದೆ ನಡೆಯುವುದಿಲ್ಲ! ಅವರಿಗೆ ಇಲ್ಲದಿರುವುದು ಮನಸ್ಸು. ನಮಗೆ ಇಲ್ಲದಿರುವುದು ಕೇಳುವ ಬಾಯಿ.

ಗೆಳೆಯರೇ, ಮುಂದಿನ ಸಲ ಅಂಗಡಿಯಲ್ಲಿ ಕೇಳಿ: "ಸ್ವಾಮಿ, ಇದರಲ್ಲಿ ಕನ್ನಡ ಎಲ್ಲಿದೆ?" ಹತ್ತು ಜನ ಕೇಳಿದರೆ ಅಂಗಡಿಯವನು ಡೀಲರಿಗೆ ಹೇಳುತ್ತಾನೆ, ಡೀಲರು ಕಂಪನಿಗೆ ಬರೆಯುತ್ತಾನೆ. ಕಂಪನಿ ಅಚ್ಚು ಹಾಕಿಸುವವರೆಗೆ ನೀವೇ ಒಂದು ಚೀಟಿಯಲ್ಲಿ ದಪ್ಪ ಕನ್ನಡದಲ್ಲಿ ಚಾರ್ಜಿನ ಕ್ರಮ ಬರೆದು ಟಾರ್ಚಿಗೆ ಅಂಟಿಸಿ ಕೊಡಿ. ತೋಟದಲ್ಲಿ ಹೆಜ್ಜೆ ಇಡುವವರು ನಿಮ್ಮ ಅಪ್ಪ ಅಮ್ಮ!